ಮಂಡಿಯಣ್ಣನ ಅಳತೆ

ಮುಚ್ಚಳ ತೆಗೆಯುವ ಮೊದಲೇ ಮೆಣಸಿಗೆ ಗೊತ್ತಾಗಿಹೋಯಿತು.

ಹಳೇ ಬಿಸ್ಕತ್ತಿನ ಡಬ್ಬಿಯನ್ನು ಅವಳು ಮಾಮನ ಮೇಜಿನ ಮೇಲೆ ಇಟ್ಟಾಗ ಒಳಗಿನಿಂದ ಎರಡು ಸದ್ದು ಬಂದವು. ಮೊದಲು ಬಂದದ್ದು ಎಂದಿನ ಗಲಗಲ. ಅದು ಆಟದ ಸಿಪಾಯಿಗಳದ್ದು. ಅದರ ಬೆನ್ನಿಗೇ ಸಣ್ಣದಾಗಿ ಇನ್ನೊಂದು, ‘ಟಿಕ್’ ಎಂದು. ನೆಟ್ಟಗಿರುವ ಸಿಪಾಯಿ ಹಾಗೆ ಸದ್ದು ಮಾಡುವುದಿಲ್ಲ. ಮುರಿದ ತುಂಡು ಮಾತ್ರ ಮಾಡುತ್ತದೆ.

“ಯಾರು?” ಎಂದು ಕೇಳಿದ ಮಾಮ.

“ಉದ್ದಣ್ಣ ಅನ್ಸುತ್ತೆ.”

ಮುಚ್ಚಳ ತೆಗೆದರೆ ಉದ್ದಣ್ಣನೇ. ಕೆಂಪು ಸೈನ್ಯದ ಬಾವುಟ ಹಿಡಿಯುವವನು. ಬಾವುಟದ ಕೋಲು ಅವನ ಮುಷ್ಟಿಯ ಮೇಲಕ್ಕೆ ಸರಿಯಾಗಿ ಮುರಿದು ಡಬ್ಬಿಯ ತಳ ಸೇರಿತ್ತು. ಈಟಿಯವರಲ್ಲೂ ಒಬ್ಬಿಬ್ಬರ ಈಟಿ ಮೊಂಡಾಗಿತ್ತು. ದಳಪತಿ ದೊಡ್ಡಮೀಸೆಯ ಕುದುರೆ ಒಂದು ಕಿವಿ ಕಳೆದುಕೊಂಡಿತ್ತು.

ಇಷ್ಟೆಲ್ಲ ಆದರೂ ಒಬ್ಬನಿಗೆ ಮಾತ್ರ ಏನೂ ಆಗಿರಲಿಲ್ಲ. ಅವನು ಮಂಡಿಯಣ್ಣ. ಒಂದು ಮಂಡಿ ಊರಿ, ಬಿಲ್ಲನ್ನು ಎದೆಗೆ ಒತ್ತಿಕೊಂಡು ಕುಳಿತ ಬಿಲ್ಲುಗಾರ. ಅವನ ಮೈಯಲ್ಲಿ ಹೊರಗೆ ಚಾಚಿಕೊಂಡದ್ದು ಅಂತ ಏನೂ ಇಲ್ಲ. ಬಸ್ಸಿನ ಯಾವ ಕುಲುಕಾಟವೂ ಅವನನ್ನು ಮುರಿಯಲಾರದು.

ಈ ಸಿಪಾಯಿಗಳೆಲ್ಲ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದವರು. ಬಂದಾಗ ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳಾಗಿ ಬಂದಿದ್ದರು. ಕೈ, ಕಾಲು, ತಲೆ ಅಂಟಿಸಿ, ಒಬ್ಬೊಬ್ಬನಿಗೂ ಕಾಲಡಿಗೆ ಒಂದು ದುಂಡನೆ ಬಿಲ್ಲೆ ಕೊಟ್ಟು, ಬಣ್ಣ ಬಳಿದವನು ಮಾಮ. ಮಾಮನ ಕೆಲಸ ಕೃತಕ ಹಲ್ಲು ಮಾಡುವುದು. ಹಲ್ಲಿನ ಮೇಲಿನ ಹಳದಿ ಕಲೆಯನ್ನೂ ಅಸಲಿನಂತೆ ಬರೆಯುವವನಿಗೆ ಸಿಪಾಯಿಯ ಹುಬ್ಬು ಯಾವ ಲೆಕ್ಕ ಎಂದು ಅಮ್ಮ ಹೇಳುತ್ತಿದ್ದಳು.

ಮೆಣಸಿನದು ಕೆಂಪು ಸೈನ್ಯ, ಮಾಮನದು ನೀಲಿ. ಹಸಿರು ಬಟ್ಟೆ ಹಾಸಿದ ಮೇಜೇ ರಣರಂಗ. ಹಲ್ಲಿನ ಲ್ಯಾಬಿನಲ್ಲಿ ಬೇಡವೆಂದು ಎಸೆದ ಪ್ಲಾಸ್ಟರ್ ದವಡೆಗಳು ಅಲ್ಲಿ ಬೆಟ್ಟಗಳಾಗುತ್ತಿದ್ದವು. ಬಾಚಿಹಲ್ಲುಗಳ ಮರೆಯಲ್ಲಿ ಬಿಲ್ಲುಗಾರರು ಅಡಗುತ್ತಿದ್ದರು. ಟೇಪು ಹಿಡಿದು ಅಳೆದು ಸೈನ್ಯ ಮುಂದಿಡಬೇಕು, ದಾಳ ಹಾಕಿ ಏಟು ಕೊಡಬೇಕು. ಒಂದು ಯುದ್ಧಕ್ಕೆ ಒಂದು ಮಧ್ಯಾಹ್ನ ಬೇಕು.

ಮೊದಲು ಮಾಮ ಮೆಣಸಿನ ಮನೆಯಲ್ಲೇ ಇದ್ದ. ಆಗ ಡಬ್ಬಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಸಾಕಿತ್ತು. ಹೊಸ ಲ್ಯಾಬಿಗೆ ಸೇರಿದ ಮೇಲೆ ಮಾಮ ಊರಿನ ಆ ತುದಿಯಲ್ಲಿ ಒಂದು ಕೋಣೆ ಹಿಡಿದ. ಈಗ ಭಾನುವಾರ ಮಾತ್ರ ಯುದ್ಧ. ಡಬ್ಬಿಯನ್ನು ಮಾಮನ ಕೋಣೆಯಲ್ಲೇ ಬಿಟ್ಟು ಬಾ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಇಬ್ಬರೂ ಒಪ್ಪಲಿಲ್ಲ. ಸೇನಾಪತಿ ಎಲ್ಲಿ ಮಲಗುತ್ತಾರೋ ಸೈನ್ಯವೂ ಅಲ್ಲೇ ಮಲಗಬೇಕು, ಇಲ್ಲದಿದ್ದರೆ ಅದು ಸೈನ್ಯವೇ ಅಲ್ಲ ಎಂದು ಮಾಮ ನಿಯಮ ಹೇಳಿದ. ಅದು ಅವನೇ ಮಾಡಿದ ನಿಯಮ.

ಹಾಗಾಗಿ ಪ್ರತಿ ವಾರ ಸೈನ್ಯ ಬಸ್ಸಿನಲ್ಲಿ ಬರುತ್ತಿತ್ತು, ಪ್ರತಿ ವಾರ ಯಾರಾದರೊಬ್ಬರು ಮುರಿಯುತ್ತಿದ್ದರು.

ಮಾಮ ಕಿಟಕಿಯ ಹತ್ತಿರ ಹಳೇ ಪೇಪರು ಹರಡಿದ. ಎರಡು ಸ್ಟೂಲು ಎಳೆದ. ಅಂಟು, ಬಣ್ಣದ ಪುಟ್ಟ ಶೀಶೆಗಳು, ಹಲ್ಲುಕಡ್ಡಿ, ನಾಲ್ಕು ಕೂದಲಿನಷ್ಟೇ ದಪ್ಪದ ಕುಂಚ, ಎಲ್ಲ ತಂದಿಟ್ಟ. ಮೆಣಸಿನ ಕೆಲಸ ಮುರಿದವರನ್ನು ಹಿಡಿದುಕೊಂಡಿರುವುದು.

ಮಾಮನಿಗೆ ರಿಪೇರಿಯ ಹೊತ್ತಿನಲ್ಲಿ ಮಾತು ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಬಾಯಿಗೆ ಬೀಗ. ಆಗ ಇಂಚು, ದಾಳ ಬಿಟ್ಟರೆ ಬೇರೆ ಮಾತಿಲ್ಲ. ಕೈಯಲ್ಲಿ ಕುಂಚ ಇದ್ದರೆ ಮಾತ್ರ ಅವನು ಹಲ್ಲಿನ ಕತೆ ಹೇಳುತ್ತಿದ್ದ. ಅವತ್ತು ಹೇಳಿದ್ದು ಲ್ಯಾಬಿಗೆ ಬಂದ ಒಬ್ಬ ತಾತನ ಕತೆ. ತಾತನಿಗೆ ಮುಂದಿನ ಹಲ್ಲುಗಳ ನಡುವೆ ಒಂದು ಸಂದು ಇತ್ತಂತೆ. ಆ ಸಂದಿನಿಂದ ಸೀಟಿ ಹೊಡೆದು ನಾಯಿಯನ್ನು ಕರೆಯುತ್ತಿದ್ದರಂತೆ. ಹಲ್ಲೆಲ್ಲ ಬಿದ್ದವು. ಮಾಮ ಮುತ್ತಿನಂಥ ಹೊಸ ಹಲ್ಲು ಮಾಡಿಕೊಟ್ಟ. ಒಂದೇ ವಾರಕ್ಕೆ ತಾತ ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ವಾಪಸ್ ಬಂದರು.

“ಹಲ್ಲು ಚೆನ್ನಾಗಿದೆ ಕಣಪ್ಪ, ಆದ್ರೆ ನಾಯಿ ಬರ್ತಾ ಇಲ್ಲ ಅಂದ್ರು,” ಎಂದ ಮಾಮ.

ಮೆಣಸು ನಗಲಿಲ್ಲ. ಅವಳ ಕಣ್ಣು ಉದ್ದಣ್ಣನ ಮುರಿದ ಕೋಲಿನ ಮೇಲೇ ಇತ್ತು. “ಬೇಗ ಮುಗಿಸು ಮಾಮ,” ಎಂದಳು. ಮಾಮ ಕತೆಯನ್ನು ಅಲ್ಲಿಗೇ ಬಿಟ್ಟು ಕೋಲಿಗೆ ಅಂಟು ಹಚ್ಚಿದ.

ಅಂಟಿಸಿದ ಬಾವುಟ ಸ್ವಲ್ಪ ವಾಲಿತ್ತು. ಗಾಳಿ ಬೀಸಿದೆ ಅಂದುಕೋ ಎಂದು ಮಾಮ ಹೇಳಿದ. ಮೆಣಸು ಹಾಗೆ ಅಂದುಕೊಳ್ಳಲಿಲ್ಲ. ವಾಪಸ್ ಬಸ್ಸಿನಲ್ಲಿ ಉದ್ದಣ್ಣನ ಕೋಲು ಅದೇ ಜಾಗದಲ್ಲಿ ಮತ್ತೆ ಕಳಚಿತು. ಅವಳು ಕಿಟಕಿಯ ಕಡೆ ತಿರುಗಿ, ಮನೆಯ ಸ್ಟಾಪು ಬರುವವರೆಗೆ ಮುಖ ಈಚೆಗೆ ತಿರುಗಿಸಲಿಲ್ಲ.

ಮೆಣಸು ಎಂಬುದು ಮನೆಯವರಿಟ್ಟ ಹೆಸರು. ಹುಟ್ಟಿದಾಗ ಕಾಳಿನಷ್ಟಿದ್ದಳು ಎಂದು ಇಟ್ಟದ್ದು. ಖಾರ ಆಮೇಲೆ ಬರುತ್ತದೆ ಎಂದು ಎಲ್ಲರೂ ಕಾದರು. ಬರಲಿಲ್ಲ. ಅವಳು ಜಗಳ ಆಡುವವಳಲ್ಲ, ಕೂಗುವವಳಲ್ಲ. ಅಳು ಬಂದರೆ ಕಿಟಕಿ ನೋಡುವವಳು. ಆ ರಾತ್ರಿ ಊಟಕ್ಕೆ ಅಪ್ಪ ಮೂರು ಸಲ ಕರೆದರೂ ತಟ್ಟೆಯ ಮುಂದೆ ಸುಮ್ಮನೆ ಕುಳಿತಳು.

ಅಮ್ಮ ನೋಡುವಷ್ಟು ನೋಡಿದಳು.

“ಪ್ರತಿ ಭಾನುವಾರ ಅಳೋದಕ್ಕೆ ಅಂತ ಬಸ್ ಟಿಕೆಟ್ ತಗೋಬೇಕಾ ನಾವು?” ಎಂದಳು. ಅಮ್ಮನ ದನಿ ಏರಿರಲಿಲ್ಲ. ಅದಕ್ಕೇ ಮೆಣಸಿಗೆ ಹೆದರಿಕೆಯಾಯಿತು. “ಬರೋ ವಾರ ಒಬ್ಬನೇ ಒಬ್ಬ ಮುರಿದ್ರೂ ಡಬ್ಬಿ ಅಟ್ಟಕ್ಕೆ ಹೋಗುತ್ತೆ. ನೀನು ದೊಡ್ಡೋಳಾದ ಮೇಲೆ ಇಳಿಸ್ಕೊ.”

ಅಮ್ಮ ಹೇಳಿದ್ದನ್ನು ಮಾಡುವವಳು. ಅಟ್ಟಕ್ಕೆ ಹೋದ ಮೂರು ಗಾಲಿಯ ಸೈಕಲ್ಲು ಇವತ್ತಿಗೂ ಇಳಿದಿಲ್ಲ. ಡಬ್ಬಿ ಅಟ್ಟ ಸೇರಿದರೆ ಭಾನುವಾರಗಳೂ ಅದರ ಜೊತೆಗೇ ಹೋಗುತ್ತವೆ. ಯುದ್ಧವಿಲ್ಲದೆ ಊರಿನ ಆ ತುದಿಗೆ ಯಾರು ಕರೆದುಕೊಂಡು ಹೋಗುತ್ತಾರೆ? ಆಮೇಲೆ ಮಾಮ ನೆಂಟರ ಹಾಗೆ ಯಾವಾಗಲೋ ಒಮ್ಮೆ ಬಂದು, ಕಾಫಿ ಕುಡಿದು, ಎಷ್ಟನೇ ಕ್ಲಾಸು ಎಂದು ಕೇಳಿ ಹೋಗುವ ಮಾಮ ಆಗಿಬಿಡುತ್ತಾನೆ.

ಮೆಣಸು ಅಷ್ಟು ದೂರ ಯೋಚನೆ ಮಾಡಿದಳು. ಆಮೇಲೆ ಒಳ್ಳೆಯ ಪೆಟ್ಟಿಗೆಯೊಂದು ಬೇಕು ಎಂದು ತೀರ್ಮಾನಿಸಿದಳು.

ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಲಾಯರ್ ಎಂದು ಹೆಸರು. ಟೀಚರ್ ಮಾರ್ಕು ಕೊಟ್ಟ ಮೇಲೂ ವಾದ ಮಾಡಿ ಅರ್ಧ ಮಾರ್ಕು ಹೆಚ್ಚು ತೆಗೆದುಕೊಳ್ಳುವವನು. ಅವನ ಹತ್ತಿರವೂ ಒಂದು ಸೈನ್ಯವಿತ್ತು. ಅದು ಕಪ್ಪು ಪೆಟ್ಟಿಗೆಯಲ್ಲಿ ಮಲಗುತ್ತಿತ್ತು. ಪೆಟ್ಟಿಗೆಯ ಒಳಗೆ ದಪ್ಪ ಸ್ಪಂಜು, ಸ್ಪಂಜಿನಲ್ಲಿ ಸಿಪಾಯಿಯ ಆಕಾರಕ್ಕೇ ಕೊರೆದ ಗೂಡುಗಳು. ಮೆಣಸು ಅದರಲ್ಲಿ ಬೆರಳು ಒತ್ತಿ ನೋಡಿದಳು. ಬೆರಳಿಗೇ ನಿದ್ದೆ ಬರುವಷ್ಟು ಮೆತ್ತಗಿತ್ತು.

ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಆ ಪೆಟ್ಟಿಗೆ ಮಾರುವ ಅಂಗಡಿಗೆ ಹೋದರು. ಹೋಗುವಾಗ ಅಳತೆಗೆ ಬೇಕಾಗುತ್ತದೆ ಎಂದು ಮೆಣಸು ಒಬ್ಬ ಸಿಪಾಯಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಯಾರನ್ನು ಒಯ್ಯುವುದು ಎಂದು ಅವಳು ಹೆಚ್ಚು ಯೋಚಿಸಲಿಲ್ಲ. ಜೇಬಿನಲ್ಲಿ ಮುರಿಯದೆ ಉಳಿಯುವವನು ಒಬ್ಬನೇ.

ಅಂಗಡಿಯವನು ಮಂಡಿಯಣ್ಣನನ್ನು ಕನ್ನಡಕ ಏರಿಸಿ ನೋಡಿದ. ಕೆಲಸ ಚೆನ್ನಾಗಿದೆ ಎಂದ. ಪೆಟ್ಟಿಗೆ ತೆಗೆದು ಗಾಜಿನ ಮೇಲೆ ಇಟ್ಟ. ಮೆಣಸು ಬೆಲೆಯ ಚೀಟಿ ನೋಡಿ, ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

“ಮೂಗಿಗಿಂತ ಮೂಗುತಿ ಭಾರ ಅಂಕಲ್,” ಎಂದ ಲಾಯರ್. “ಸಿಪಾಯಿಗಳಿಗಿಂತ ಡಬ್ಬಿಗೇ ಜಾಸ್ತಿ ಆದ್ರೆ ಹೇಗೆ?”

“ನಿಮ್ಮಪ್ಪನೂ ಇದನ್ನೇ ಹೇಳಿದ್ರು,” ಎಂದ ಅಂಗಡಿಯವನು. “ಆಮೇಲೆ ತಗೊಂಡ್ರು.”

ಮೆಣಸಿನ ಅಪ್ಪನನ್ನು ಕೇಳುವ ಹಾಗಿರಲಿಲ್ಲ. ಅವಳ ಹತ್ತಿರ ಇದ್ದದ್ದು ಅವಳ ಹುಂಡಿಯ ಚಿಲ್ಲರೆ. ಅಷ್ಟರಲ್ಲೇ ಆಗಬೇಕು.

ಅಲ್ಲಿಂದ ಹುಡುಕಾಟ ಶುರುವಾಯಿತು. ದಿನಾ ಸ್ಕೂಲು ಬಿಟ್ಟ ಮೇಲೆ ಒಂದೊಂದು ಬೀದಿ. ಮೊಟ್ಟೆ ಅಂಗಡಿಯಾಕೆ ರಟ್ಟಿನ ಟ್ರೇ ಒಂದನ್ನು ಪುಕ್ಕಟೆ ಕೊಡುತ್ತೇನೆ ಎಂದಳು. ಗುಳಿಯಲ್ಲಿ ಇಟ್ಟರೆ ಮಂಡಿಯಣ್ಣ ಹಿಂದಕ್ಕೆ ಒರಗಿ ಆಕಾಶ ನೋಡಿದ. ಜೊತೆಗೆ ವಾಸನೆ. ಯುದ್ಧಕ್ಕೆ ಮೊದಲೇ ಶತ್ರುಗಳು ಓಡಿಹೋಗುತ್ತಾರೆ, ಅದೂ ಒಳ್ಳೆಯದೇ ಅಲ್ಲವೇ ಎಂದು ಲಾಯರ್ ವಾದಿಸಿದ. ಔಷಧಿ ಅಂಗಡಿಯಲ್ಲಿ ವಾರದ ಮಾತ್ರೆ ಇಡುವ ಡಬ್ಬಿ ಇತ್ತು. ಒಂದೊಂದು ದಿನದ ಮನೆಗೆ ಒಬ್ಬೊಬ್ಬನಂತೆ ಏಳೇ ಜನ ಹಿಡಿಯುತ್ತಿದ್ದರು. ಭಾನುವಾರದ ಮನೆ ಯಾರಿಗೆ ಎಂದು ಲಾಯರ್ ಕೇಳಿದ್ದಕ್ಕೆ ಔಷಧಿಯವನು ಬೇರೆ ಗಿರಾಕಿಯ ಕಡೆ ತಿರುಗಿದ. ಕನ್ನಡಕದ ಅಂಗಡಿಯ ಡಬ್ಬಿ ಚೆನ್ನಾಗಿತ್ತು, ಆದರೆ ಒಂದರಲ್ಲಿ ಇಬ್ಬರಷ್ಟೇ. ಬೂಟಿನ ಪೆಟ್ಟಿಗೆ ಬಿಸ್ಕತ್ತಿನ ಡಬ್ಬಿಗಿಂತ ಕಡೆ.

ಪ್ರತಿ ಅಂಗಡಿಯಲ್ಲೂ ಮೆಣಸು ಮಾತಾಡದೆ ಮಂಡಿಯಣ್ಣನನ್ನು ತೆಗೆದು ಕೌಂಟರಿನ ಮೇಲೆ ಇಡುತ್ತಿದ್ದಳು. ಅವಳ ಬದಲಿಗೆ ಮಾತಾಡಲು ಲಾಯರ್ ಇದ್ದ. ಮಂಡಿಯಣ್ಣ ಕಲ್ಲಿನ ಕೌಂಟರು, ಮರದ ಕೌಂಟರು, ಗಾಜಿನ ಕೌಂಟರು ಎಲ್ಲವನ್ನೂ ಮಂಡಿಯೂರಿ ನೋಡಿದ.

ಗುರುವಾರ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಅದು ಸಿಕ್ಕಿತು. ಬಕೆಟುಗಳ ಹಿಂದೆ, ಮೂಲೆಯಲ್ಲಿ, ಧೂಳು ಹಿಡಿದು. ಮಣಿ, ಗುಂಡಿ, ಮೊಳೆ ಇಂಥವನ್ನು ಹಾಕಿಡುವ ಚಪ್ಪಟೆ ಪೆಟ್ಟಿಗೆ. ನೀರಿನಂತೆ ಪಾರದರ್ಶಕ. ಒಳಗೆ ಸಾಲುಸಾಲು ಗೂಡುಗಳು. ಮೆಣಸು ಒಂದು ಗೂಡಿನಲ್ಲಿ ಮಂಡಿಯಣ್ಣನನ್ನು ಇಟ್ಟಳು. ಅವನಿಗೇ ಹೊಲಿಸಿದ ಅಂಗಿಯಂತೆ ಕೂತಿತು. ಮುಚ್ಚಳ ‘ಟಪ್’ ಎಂದು ಮುಚ್ಚಿತು. ಅಲುಗಿಸಿದಳು. ಸದ್ದಿಲ್ಲ.

ಲಾಯರ್ ಮುಚ್ಚಳದ ಮೇಲೆ ಒಂದು ಗೀರು ಕಂಡುಹಿಡಿದು, ಗೀರಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಅಂಗಡಿಯ ಆಂಟಿ ಬೇಸತ್ತು ಬೆಲೆ ಇಳಿಸಿದಳು. ಮಾರಿದ ಮಾಲು ವಾಪಸ್ ಇಲ್ಲ, ಈ ಹುಡುಗನನ್ನೂ ಮತ್ತೆ ಕರೆದುಕೊಂಡು ಬರಬೇಡ ಎಂದು ಮೆಣಸಿಗೆ ಹೇಳಿದಳು. ಹುಂಡಿಯ ಚಿಲ್ಲರೆ ಪೂರ್ತಿ ಖರ್ಚಾಯಿತು.

ಮನೆಗೆ ಬಂದು ಮೆಣಸು ಈಟಿಯವರನ್ನು ಗೂಡುಗಳಲ್ಲಿ ನಿಲ್ಲಿಸಿದಳು. ಚೆನ್ನಾಗಿ ನಿಂತರು. ಮುಚ್ಚಳ ಮುಚ್ಚಲು ಹೋದಳು. ಮುಚ್ಚಲಿಲ್ಲ.

ಇನ್ನೊಮ್ಮೆ ನೋಡಿದಳು. ಎಲ್ಲರ ಭುಜ, ತಲೆ, ಈಟಿ ಗೂಡಿನ ಗೋಡೆಗಿಂತ ಮೇಲೆ ನಿಂತಿದ್ದವು. ಉದ್ದಣ್ಣನಂತೂ ಸೊಂಟದಿಂದ ಮೇಲೆ ಪೂರ್ತಿ ಹೊರಗಿದ್ದ. ಮಲಗಿಸಿ ನೋಡಿದಳು. ಗೂಡು ಮೋಟು, ಈಟಿ ಉದ್ದ.

ಪೆಟ್ಟಿಗೆಯಲ್ಲಿ ಸರಿಯಾಗಿ ಕೂತವನು ಒಬ್ಬನೇ. ಮಂಡಿಯೂರಿದವನ ಅಳತೆಗೆ ತಂದ ಮನೆಯಲ್ಲಿ ನಿಂತವರಿಗೆ ಜಾಗವಿರಲಿಲ್ಲ. ಇಡೀ ಸೈನ್ಯದಲ್ಲಿ ಪೆಟ್ಟಿಗೆಯೇ ಬೇಡದವನು ಯಾರೋ, ಅವನನ್ನೇ ಹಿಡಿದುಕೊಂಡು ಅವಳು ಊರೆಲ್ಲ ಅಳೆದು ಬಂದಿದ್ದಳು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ನಿನ್ನ ಸಿಪಾಯಿಗಳಿಗೆ ಯಾರೂ ಹೇಳಿಲ್ವಾ?”

ಮೆಣಸು ಕಿಟಕಿಯ ಕಡೆ ತಿರುಗಿದಳು. ಒಂದು ಕೈ ಬೇಕು, ಕೆಳಗೆ ಬಾ ಎಂದು ಅಮ್ಮ ಕರೆದಳು.

ಕೆಳಗೆ ಅಮ್ಮನ ವರ್ಕ್‌ಶಾಪು. ಅಮ್ಮನ ಕೆಲಸ ಫ್ರಿಜ್ ರಿಪೇರಿ. ಬೀದಿಯಲ್ಲಿ ಅವಳನ್ನು ಎಲ್ಲರೂ ಫ್ರಿಜ್ ಅಕ್ಕ ಎಂದೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಬಾಗಿಲಿಲ್ಲದ ಫ್ರಿಜ್‌ಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು. ಆ ದಿನ ಬಂದದ್ದು ಒಂದು ನೀಲಿ ಫ್ರಿಜ್. ಅದು ದಿನವಿಡೀ ಬೆವರುತ್ತದೆ ಎಂದು ದೂರು. ಅಮ್ಮ ಒಂದು ಕಾಗದದ ಚೂರನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲು ಮುಚ್ಚಿ, ಕಾಗದವನ್ನು ಎಳೆದಳು. ಅದು ಸಲೀಸಾಗಿ ಈಚೆ ಬಂತು. ಬಾಗಿಲು ಕಾಗದವನ್ನೇ ಹಿಡಿಯದಿದ್ದರೆ ತಂಪನ್ನು ಹಿಡಿಯುತ್ತದೆಯೇ ಎಂದಳು.

ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ ಹೋಗಿತ್ತು. ಗ್ಯಾಸ್ಕೆಟ್ ಎಂದು ಅಮ್ಮ ಅದನ್ನು ಕರೆಯುತ್ತಿದ್ದಳು. ಮೆಣಸು ಬಾಗಿಲನ್ನು ಹಿಡಿದುಕೊಂಡಳು. ಅಮ್ಮ ಹಳೆಯ ಪಟ್ಟಿಯನ್ನು ಮೂಲೆಯಿಂದ ಕಿತ್ತು, ಪರ್ರನೆ ಎಳೆದು, ಹಿಂದಕ್ಕೆ ಎಸೆದಳು.

ಪಟ್ಟಿ ನೆಲಕ್ಕೆ ಬೀಳಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿಗೆ ತಗುಲಿ, ಹಾವಿನಂತೆ ಅದರ ಮೈಗೆ ಕಚ್ಚಿಕೊಂಡಿತು.

ಇದು ಹೊಸದೇನಲ್ಲ. ಹಳೆಯ ಗ್ಯಾಸ್ಕೆಟ್ಟುಗಳು ಆ ಬೀರುವಿಗೆ ಯಾವಾಗಲೂ ಹೀಗೆ ಜೋತುಬಿದ್ದಿರುತ್ತಿದ್ದವು. ನಡೆಯಲು ಬಾರದ ಕಾಲದಿಂದ ಮೆಣಸು ಅವನ್ನು ನೋಡುತ್ತಿದ್ದಳು. ನೋಡಿ ನೋಡಿ, ಕಾಣಿಸುವುದೇ ನಿಂತುಹೋಗಿತ್ತು.

ಅವಳು ಬಾಗಿಲು ಬಿಟ್ಟು ಬೀರುವಿನ ಹತ್ತಿರ ಹೋದಳು.

“ಅಮ್ಮ, ಇದು ಯಾಕೆ ಬೀಳಲ್ಲ?”

“ಒಳಗೆ ಮ್ಯಾಗ್ನೆಟ್ ಇದೆ. ಇಲ್ದಿದ್ರೆ ಬಾಗಿಲನ್ನ ಯಾರು ಹಿಡ್ಕೋತಾರೆ?”

“ಬಾಗಿಲಿಗೆಲ್ಲ ಇದೆಯಾ?”

“ಅಂಚಿಗೆ ಮಾತ್ರ. ಅಂಚು ಹಿಡ್ಕೊಂಡ್ರೆ ಸಾಕು, ಬಾಗಿಲು ನಿಲ್ಲುತ್ತೆ.”

ಮೆಣಸು ಜೇಬಿನಿಂದ ಮಂಡಿಯಣ್ಣನನ್ನು ತೆಗೆದು ಪಟ್ಟಿಗೆ ಹಿಡಿದಳು. ಅವನು ಕೆಳಗೆ ಬಿದ್ದ. ಪ್ಲಾಸ್ಟಿಕ್ಕಿಗೂ ಮ್ಯಾಗ್ನೆಟ್ಟಿಗೂ ಮಾತುಕತೆ ಇಲ್ಲ. ಅವಳು ಅವನನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಕಾಲಡಿಯ ಬಿಲ್ಲೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಇಷ್ಟು ದಿನ ಅವಳು ಸಿಪಾಯಿಗಳನ್ನು ಸುತ್ತಲಿನಿಂದ ಹಿಡಿದುಕೊಳ್ಳುವ ಪೆಟ್ಟಿಗೆ ಹುಡುಕುತ್ತಿದ್ದಳು. ಕಾಲು ಹಿಡಿದುಕೊಂಡರೆ ಸಾಕು.

ಆ ಹಳೇ ಪಟ್ಟಿ ಬೇಕೇ ಎಂದು ಅಮ್ಮನನ್ನು ಕೇಳಿದಳು. ಅದು ಗುಜರಿಗೂ ಬೇಡದ್ದು, ತಗೋ ಎಂದಳು ಅಮ್ಮ. ಮೆಣಸು ರಬ್ಬರನ್ನು ಸೀಳಿ ಒಳಗಿನ ಕಂದು ಬಣ್ಣದ ಮ್ಯಾಗ್ನೆಟ್ ಪಟ್ಟಿಯನ್ನು ಎಳೆದಳು. ಅದು ರಿಬ್ಬನ್ನಿನಂತೆ ಬಾಗುತ್ತಿತ್ತು, ಕತ್ತರಿಗೆ ಸಿಗುತ್ತಿತ್ತು. ಸಣ್ಣ ಸಣ್ಣ ತುಂಡು ಮಾಡಿ ಒಬ್ಬೊಬ್ಬರ ಬಿಲ್ಲೆಯ ಅಡಿಗೂ ಅಂಟಿಸಿದಳು. ಅಂಟು ಬೆರಳಿಗೂ ಹತ್ತಿತು. ದೊಡ್ಡಮೀಸೆ ಒಮ್ಮೆ ಅವಳ ತೋರುಬೆರಳನ್ನು ಬಿಡದೆ ಕೂತುಬಿಟ್ಟ.

ಪೆಟ್ಟಿಗೆ ಯಾವುದು ಎಂದು ಹುಡುಕಬೇಕಾಗಿರಲಿಲ್ಲ. ಬಿಸ್ಕತ್ತಿನ ಡಬ್ಬಿ ತಗಡಿನದು. ಅದರ ಮೈಗೆ ಮ್ಯಾಗ್ನೆಟ್ ಹಿಡಿಯುತ್ತದೆ. ಆಳವಾಗಿಯೂ ಇತ್ತು. ಉದ್ದಣ್ಣ ಬಾವುಟ ಎತ್ತಿ ನಿಂತರೂ ಮುಚ್ಚಳಕ್ಕೆ ತಲೆ ತಾಗುತ್ತಿರಲಿಲ್ಲ. ಇಷ್ಟು ದಿನ ಅವರನ್ನು ಮುರಿದ ಡಬ್ಬಿಯೇ ಅದು.

ಅಮ್ಮ ಕೆಲಸ ಬಿಟ್ಟು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದಳು. ಮೆಣಸು ಡಬ್ಬಿಯನ್ನು ಮೆಲ್ಲಗೆ ಅಲುಗಿಸಿದಳು.

“ಬಸ್ಸು ಹಾಗಲ್ಲ ಹೋಗೋದು. ಕೊಡಿಲ್ಲಿ,” ಎಂದು ಅಮ್ಮ ಡಬ್ಬಿಯನ್ನು ಕಿತ್ತುಕೊಂಡು, ಆ ರೂಟಿನ ಡ್ರೈವರನ ಹಾಗೇ ಒಂದು ಬ್ರೇಕ್ ಹಾಕಿದಳು. ಒಳಗೆ ಯಾರೋ ಬಿದ್ದರು.

ದೊಡ್ಡಮೀಸೆ. ಕುದುರೆಯ ಸಮೇತ. ಅವನ ಭಾರಕ್ಕೆ ಒಂದು ತುಂಡು ಸಾಲದು. ಅಮ್ಮ ತಾನೇ ದೊಡ್ಡ ತುಂಡೊಂದನ್ನು ಕತ್ತರಿಸಿ, ಬಿಲ್ಲೆಯ ಅಡಿಗೆ ಒತ್ತಿ ಹಿಡಿದಳು. ಕೆಲಸದಲ್ಲಿ ಇರುವಾಗಿನ ಮುಖವೇ ಅದು. ಬಾಯಿ ಸ್ವಲ್ಪ ಓರೆ. ಉದ್ದಣ್ಣನ ಕೋಲನ್ನೂ ಅಮ್ಮನೇ ಅಂಟಿಸಿದಳು. ಅದು ಮಾಮ ಅಂಟಿಸಿದ್ದಕ್ಕಿಂತ ನೆಟ್ಟಗೆ ಕೂತಿತು. ಮೆಣಸು ಅದನ್ನು ಹೇಳಲಿಲ್ಲ.

ಮಣಿ ಪೆಟ್ಟಿಗೆ ಅಮ್ಮನ ಸ್ಕ್ರೂಗಳಿಗೆ ಹೋಯಿತು. ಸ್ಕ್ರೂಗಳು ಯಾವಾಗಲೂ ಮಲಗಿಯೇ ಇರುವಂಥವು. ಮುಚ್ಚಳ ಚೆನ್ನಾಗಿ ಮುಚ್ಚಿತು.

ಮಂಡಿಯಣ್ಣನ ಹೊತ್ತಿಗೆ ಮ್ಯಾಗ್ನೆಟ್ ಪಟ್ಟಿ ಮುಗಿದಿತ್ತು. ಅವನಿಗೆ ಬೇಕಾಗಿಯೂ ಇರಲಿಲ್ಲ. ಅವನು ಜೇಬಿನಲ್ಲೇ ಉಳಿದ.

ಭಾನುವಾರ ಬಸ್ಸು ಎಂದಿನ ಹಾಗೇ ಓಡಿತು. ಹಂಪು ಬಂದಾಗಲೆಲ್ಲ ಎಲ್ಲರೂ ಸೀಟಿನಿಂದ ಎದ್ದು ಕೂತರು. ಮೆಣಸು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿ ಹತ್ತಿರ ತಂದಳು. ಗಲಗಲ ಇಲ್ಲ. ಟಿಕ್ ಇಲ್ಲ. ಪಕ್ಕದಲ್ಲಿ ಅಮ್ಮ ಮುಂದಿನ ಸೀಟನ್ನೇ ನೋಡುತ್ತಿದ್ದಳು. ಆದರೆ ಹಂಪು ಬಂದಾಗ ಅವಳ ತಲೆಯೂ ಡಬ್ಬಿಯ ಕಡೆಗೆ ಒಂದಿಷ್ಟು ವಾಲುತ್ತಿತ್ತು.

ಮಾಮ ಬಾಗಿಲು ತೆಗೆದ. ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಅಭ್ಯಾಸದಂತೆ ಅಲುಗಿಸಿ, ಹುಬ್ಬು ಏರಿಸಿದ.

“ಖಾಲಿ ಡಬ್ಬಿ ತಂದ್ಯಾ?”

ಮೆಣಸು ಮುಚ್ಚಳ ತೆಗೆದಳು. ಕೆಂಪು ಸೈನ್ಯ ಸಾಲಾಗಿ ನಿಂತಿತ್ತು. ಉದ್ದಣ್ಣನ ಬಾವುಟ ಎಲ್ಲರಿಗಿಂತ ಮೇಲಿತ್ತು. ಅವಳು ಡಬ್ಬಿಯನ್ನು ಮೆಲ್ಲಗೆ ತಲೆಕೆಳಗು ಮಾಡಿದಳು. ಯಾರೂ ಬೀಳಲಿಲ್ಲ. ಎಲ್ಲರೂ ಬಾವಲಿಗಳ ಹಾಗೆ ಜೋತುಬಿದ್ದರು.

ಮಾಮ ನಕ್ಕ. ಡಬ್ಬಿಯ ಕೆಳಗೆ ತಲೆಯಿಟ್ಟು ನೋಡಿದ. ಇದು ಯಾರ ತಲೆಯ ಉಪಾಯ ಎಂದು ಕೇಳಿದ. ನಿನ್ನ ಸೊಸೆಯದು, ನಾನು ಕುದುರೆಯನ್ನಷ್ಟೇ ನೋಡಿಕೊಂಡೆ ಎಂದಳು ಅಮ್ಮ. ಹಾಗೆ ಹೇಳಿ ಮಂಚದ ಮೇಲೆ ಕೂತು ಚಪ್ಪಲಿ ಬಿಚ್ಚಿದಳು. ಅಟ್ಟದ ಮಾತು ಎತ್ತಲಿಲ್ಲ. ಅಷ್ಟಕ್ಕೇ ಮೆಣಸಿಗೆ ಗೊತ್ತಾಯಿತು, ಭಾನುವಾರಗಳು ಉಳಿದವು ಎಂದು.

“ಹಾಗಾದ್ರೆ ಇವತ್ತು ನೇರ ಯುದ್ಧಕ್ಕೇ ಇಳಿಯೋಣ,” ಎಂದ ಮಾಮ.

ಅವನು ಕಿಟಕಿಯ ಕಡೆ ಹೋದ. ಮೆಣಸು ಆಗ ಅಲ್ಲಿ ನೋಡಿದಳು.

ಕಿಟಕಿಯ ಹತ್ತಿರ ಪೇಪರು ಹರಡಿತ್ತು. ಅಂಟಿನ ಶೀಶೆಯ ಮುಚ್ಚಳ ಸಡಿಲಿಸಿತ್ತು. ಕೆಂಪು, ಕಪ್ಪು, ಮೈಬಣ್ಣದ ಹನಿಗಳು ಒಂದು ಹಳೇ ಹೆಂಚಿನ ಚೂರಿನ ಮೇಲೆ ಸಿದ್ಧವಾಗಿದ್ದವು. ಹಲ್ಲುಕಡ್ಡಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ಇಟ್ಟಿದ್ದ. ಎರಡು ಸ್ಟೂಲುಗಳು ಎದುರುಬದುರಾಗಿದ್ದವು. ಒಂದರ ಮೇಲೆ ಅವಳ ಎತ್ತರಕ್ಕೆ ಸರಿಯಾಗಿ ಒಂದು ದಿಂಬು ಇತ್ತು. ಆ ದಿಂಬು ಮೊದಲು ಇರಲಿಲ್ಲ.

ಮಾಮ ಅಂಟಿನ ಶೀಶೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಒಣಗಿದ ಕುಂಚವನ್ನೇ ಇನ್ನೊಮ್ಮೆ ಬಟ್ಟೆಗೆ ಒರೆಸಿದ. ಒಂದು ಸ್ಟೂಲನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದ. ಇನ್ನೊಂದರ ಮೇಲಿನ ದಿಂಬನ್ನು ತೆಗೆದು, ಎಲ್ಲಿಡುವುದೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ಹಿಡಿದು ನಿಂತ.

ಮೆಣಸು ಜೇಬಿಗೆ ಕೈ ಹಾಕಿದಳು.

ಮಂಡಿಯಣ್ಣ ಕೈಗೆ ಸಿಕ್ಕಿದ. ಅವಳು ಅವನನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬಿಲ್ಲು ಸರಿಯಿತ್ತು. ಮೂಗು ಸರಿಯಿತ್ತು. ಊರಿದ ಮಂಡಿಯ ಅಂಚಿನಲ್ಲಿ ಮಾತ್ರ, ಅಷ್ಟು ದಿನ ಜೇಬಿನ ಬಟ್ಟೆಗೆ ಉಜ್ಜಿ ಉಜ್ಜಿ, ಬಣ್ಣ ಹೋಗಿ ಬೂದು ಪ್ಲಾಸ್ಟಿಕ್ಕು ಕಾಣುತ್ತಿತ್ತು. ಹುಡುಕಿದರೆ ಮಾತ್ರ ಕಾಣುವಷ್ಟು.

“ಮಾಮ, ಇವನ ಮಂಡಿ ನೋಡು,” ಎಂದಳು. “ಬಣ್ಣ ಹೋಗಿದೆ.”

ಮಾಮ ಹತ್ತಿರ ಬಂದು ನೋಡಿದ. “ಇದು ಕಾಣ್ಸಲ್ಲ ಬಿಡು. ಯುದ್ಧಕ್ಕೆ ಏನೂ ತೊಂದ್ರೆ ಇಲ್ಲ.”

“ನಂಗೆ ಕಾಣ್ಸುತ್ತೆ.”

ಮಾಮ ಅವಳ ಮುಖ ನೋಡಿದ. ಆಮೇಲೆ ದಿಂಬನ್ನು ಮತ್ತೆ ಸ್ಟೂಲಿನ ಮೇಲೆ ಇಟ್ಟ. ಮೇಜಿನಡಿಯ ಸ್ಟೂಲನ್ನು ಈಚೆಗೆ ಎಳೆದುಕೊಂಡ. ಮೆಣಸು ದಿಂಬಿನ ಮೇಲೆ ಕೂತು, ಮಂಡಿಯಣ್ಣನ ತಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಕುಂಚ ಕೆಂಪು ಬಣ್ಣಕ್ಕೆ ಮೂತಿ ಅದ್ದಿತು.

“ಆ ತಾತನ ನಾಯಿ ಬಂತಾ ಮಾಮ?” ಎಂದು ಕೇಳಿದಳು ಮೆಣಸು.

“ಯಾವ ತಾತ?” ಎಂದ ಮಾಮ. ಅಷ್ಟರಲ್ಲಿ ನೆನಪಾಗಿ ಅವನ ಮುಖ ಅರಳಿತು. “ಓ, ಅವ್ರಾ. ನೀನು ಕೇಳಿಸ್ಕೊಂಡೇ ಇಲ್ಲ ಅಂದ್ಕೊಂಡಿದ್ದೆ. ಹೊಸ ಸೆಟ್ ಮಾಡ್ಕೊಟ್ಟೆ, ಸಂದು ಬಿಟ್ಟು. ಟ್ರಯಲ್ ನೋಡ್ಬೇಕು ಅಂತ ನಾಯೀನೂ ಲ್ಯಾಬಿಗೇ ಕರ್ಕೊಂಡ್ ಬಂದ್ಬಿಟ್ರು…”

ಮಂಚದ ಮೇಲೆ ಅಮ್ಮ ಓದುತ್ತಿದ್ದ ಪೇಪರನ್ನು ಸ್ವಲ್ಪ ಕೆಳಗಿಳಿಸಿದಳು.

ಬಣ್ಣ ಹೋದದ್ದು ಸಾಸಿವೆ ಕಾಳಿನಷ್ಟು ಜಾಗ. ಒಮ್ಮೆ ಕುಂಚ ತಾಗಿಸಿದರೆ ಮುಗಿಯುತ್ತಿತ್ತು. ಮಾಮ ಅದಕ್ಕೆ ತುಂಬ ಹೊತ್ತು ತೆಗೆದುಕೊಂಡ. ಮೆಣಸು ಕೈ ಅಲುಗಿಸದೆ ಹಿಡಿದುಕೊಂಡಿದ್ದಳು. ಬೇಗ ಮುಗಿಸು ಎನ್ನಲಿಲ್ಲ.